ತಾಮ್ರದ ನೀರು

ಮುಂಬೈಯ ಗಿರಣಿಯಲ್ಲಿ ಕೆಲಸಕ್ಕಿದ್ದ ನಮ್ಮಣ್ಣ ಒಮ್ಮೆ ರಜೆಗೆ ಬರುವಾಗ ಒಂದು ಗಾಜಿನ ತೊಟ್ಟಿಯನ್ನೂ ಎರಡು ಕೆಂಪು ಮೀನುಗಳನ್ನೂ ತಂದ. ಯಲವಿಗಿಯಲ್ಲಿ ರೈಲಿಳಿದು ಸವಣೂರಿನ ತನಕ ಮೀನಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡೇ ಬಂದನಂತೆ. ಮನೆಗೆ ಕರೆಂಟು ಬಂದು ಬಹಳ ದಿನವಾಗಿರಲಿಲ್ಲ. ಇದ್ದದ್ದು ಎರಡು ಬಲ್ಬು, ಅದರ ಜೊತೆಗೆ ಈಗ ಮೀನಿಗೆ ಗಾಳಿ ಊದುವ ಪಂಪು. ಮನುಷ್ಯರಿಗೆ ಫ್ಯಾನಿಲ್ಲ, ಮೀನಿಗೆ ಮಾತ್ರ ಗಾಳಿಯೇ ಎಂದು ತಂಗಿಯಾದ ನಾನು ಅಣ್ಣನನ್ನು ಕಾಡಿಸಿದ್ದೆ.

ಮುಂದಿನ ಚಳಿಗಾಲದಲ್ಲಿ ಅಣ್ಣ ಮುಂಬೈಯಲ್ಲೇ ಕಾಯಿಲೆಯಿಂದ ತೀರಿಕೊಂಡ. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವ್ವ ಅಳಲಿಲ್ಲ, ತೊಟ್ಟಿಯ ಮುಂದೆ ಕೂತುಬಿಟ್ಟಳು. ಪಂಪಿನ ಗುಳುಗುಳು ಸದ್ದು ಇರುವ ತನಕ ಮಗ ಮನೆಯೊಳಗೆ ಇದ್ದಾನೆ ಎಂದೇ ಅವಳ ನಂಬಿಕೆ. ತಾಟಿನ ಮುಂದೆ ಕೂತು, "ಅವಂದು ಊಟ ಆತೇನ?" ಎಂದು ತೊಟ್ಟಿಯ ಕಡೆ ನೋಡುತ್ತಿದ್ದಳು. ಹಾಡಹಗಲಲ್ಲೂ ಆ ಕೋಣೆ ದಾಟಲು ಹೆದರುತ್ತಿದ್ದೆ. ಹಾಗಿದ್ದರೂ ಒಮ್ಮೊಮ್ಮೆ ನಾನೂ ಬಾಗಿಲಲ್ಲಿ ನಿಂತು ಕಿವಿಗೊಟ್ಟದ್ದುಂಟು.

ಆ ಬೇಸಿಗೆಯ ಮಳೆಗಾಳಿಗೆ ಕಂಬಗಳು ಉರುಳಿ ಕರೆಂಟು ಹೋಯಿತು. ಪಂಪು ನಿಂತ ಮನೆ ಮತ್ತೆ ಸಾವಿನ ಮನೆಯಾಯಿತು. ಮೀನುಗಳು ನೀರಿನ ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು.

"ಯವ್ವಾ, ಏನರ ಮಾಡ. ಅವಂಗ ಉಸುರು ಸಿಗವಲ್ದು," ಎಂದಳು ಅವ್ವ.

ಲೋಟದಲ್ಲಿ ನೀರೆತ್ತಿ ಮೇಲಿನಿಂದ ಸುರಿದರೆ ಗಾಳಿ ಸೇರುತ್ತದೆಂದು ಅಣ್ಣನೇ ಹೇಳಿಕೊಟ್ಟಿದ್ದ. ದಿನವಿಡೀ ಸರದಿಯ ಮೇಲೆ ಸುರಿದೆವು. ಮರುದಿನ ನನ್ನ ರಟ್ಟೆ ಬಿದ್ದುಹೋದವು, ಅವ್ವ ಮಾತ್ರ ಲೋಟ ಕೆಳಗಿಡಲೊಲ್ಲಳು. ಆಗ ನನ್ನ ಜಾಣತನ ಹೊರಗೆ ಬಂತು. ದೇವರ ಕೋಣೆಯಲ್ಲಿ ಲಿಂಗದ ಮೇಲೆ ಹನಿಹನಿ ನೀರು ಬೀಳಲೆಂದು ತೂಗುಹಾಕುವ, ತಳಕ್ಕೆ ಸಣ್ಣ ತೂತಿನ ತಾಮ್ರದ ಪಾತ್ರೆಯಿತ್ತು. ಅದನ್ನು ಹುಣಸೆಹಣ್ಣು ಹಚ್ಚಿ ಫಳಫಳ ಬೆಳಗಿ, ತೊಲೆಗೆ ಹಗ್ಗ ಕಟ್ಟಿ ತೊಟ್ಟಿಯ ಮೇಲೆ ಇಳಿಬಿಟ್ಟೆ. ತೊಟ್ಟಿಯ ನೀರನ್ನೇ ಮೊಗೆದು ಅದಕ್ಕೆ ತುಂಬುತ್ತಿದ್ದೆ. ತಾಮ್ರದ ನೀರಿಗಿಂತ ಶುದ್ಧವಾದದ್ದು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹನಿ ಬೀಳುವ ಸದ್ದು ಕೇಳುತ್ತ ಅವ್ವ ಎರಡು ದಿನದಲ್ಲಿ ಮೊದಲ ಸಲ ನೆಲಕ್ಕೆ ಬೆನ್ನು ಹಚ್ಚಿದಳು.

ಮೂರನೆಯ ದಿನ ಮಧ್ಯಾಹ್ನ ಎರಡೂ ಮೀನು ಹೊಟ್ಟೆ ಮೇಲಾಗಿ ತೇಲಿದವು. ಅವನ್ನು ಹಿತ್ತಲಲ್ಲಿ ಹೂತು ಬಂದೆ. ಸಂಜೆ ಕರೆಂಟು ಬಂತು. ಮೀನಿಲ್ಲದ ತೊಟ್ಟಿಯಲ್ಲಿ ಪಂಪು ತಾನಾಗಿ ಗುಳುಗುಟ್ಟತೊಡಗಿತು. ಆರಿಸಲು ನನಗೆ ಕೈ ಬರಲಿಲ್ಲ.

ಮುಂದೆ ಶಿಕ್ಷಕಿಯಾಗಲು ತರಬೇತಿಗೆ ಹೋದಾಗ, ವಿಜ್ಞಾನದ ಮಾಸ್ತರರು ಪಾಠದ ನಡುವೆ ತಾಮ್ರ ಮೀನಿಗೆ ವಿಷ ಎಂದರು. ಹುಳಿ ಸೋಕಿದ ತಾಮ್ರವಂತೂ ಬೇಗ ನೀರಿಗೆ ಇಳಿಯುತ್ತದಂತೆ. ಅಣ್ಣನನ್ನು ಎರಡನೆಯ ಸಲ ಸಾಯಿಸಿದವಳು ನಾನೇ ಎನಿಸಿತು. ಹೇಳಿಬಿಡಬೇಕು, ಬೈಸಿಕೊಳ್ಳಬೇಕು ಎಂದು ರಜೆಗೆ ಬಂದವಳೇ ಅವ್ವನ ಪಕ್ಕ ಕೂತೆ.

"ಅವ್ವಾ, ಆ ಮೀನ..." ಎಂದೆ.

ಅವ್ವ ನನ್ನ ಕೈ ಹಿಡಿದುಕೊಂಡಳು. "ಮುಂಬೈದಾಗ ಅವನ ಬಾಯಾಗ ಒಂದ ಹನಿ ನೀರ ಬಿಡಾಕ ನಮ್ಮವರು ಯಾರೂ ಇರಲಿಲ್ಲ. ಇಲ್ಲೆ ನಿನ್ನ ಕೈ ನೀರು ಕುಡದ ಹ್ವಾದ. ನನಗ ಅಷ್ಟ ಸಾಕು."

ನಾನು ಹೂಂ ಎಂದೆ.