ಸೇಬು ಹಿಡಿದ ಚಕ್ರವರ್ತಿ, ಪಂಗಾನಿಯ ಹುಡುಗಿ

ನಾವು ನೆಲೆಸಿರುವ ಆಫ್ರಿಕಾದ ಊರಿನ ಬಡಾವಣೆ ಲ್ಯಾವಿಂಗ್ಟನ್‌ನ ಒಂದು ಶಾಲೆಯಲ್ಲಿ ನಾನು ಹದಿನೇಳು ವರ್ಷದಿಂದ ಇತಿಹಾಸ ಕಲಿಸುತ್ತಿದ್ದೇನೆ. ನನ್ನ ಬಾಯಿಗೆ ಹೆದರದ ಮಕ್ಕಳು ಅಲ್ಲಿಲ್ಲ. ಪ್ರಿನ್ಸಿಪಾಲರೂ ನನ್ನ ಕ್ಲಾಸಿಗೆ ಬಾಗಿಲು ತಟ್ಟಿಯೇ ಬರುತ್ತಾರೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮುಂದೆ ಬರುವುದು ನಾನು ತುಟಿ ಬಿಚ್ಚದೆ ಕೂತ ಒಂದು ಭಾನುವಾರದ ವಿಷಯ.

ಆ ವಾರ ಪರೀಕ್ಷೆ ಮುಗಿದಿತ್ತು, ರಜೆ ಇನ್ನೂ ಶುರುವಾಗಿರಲಿಲ್ಲ. ಪುಸ್ತಕದಲ್ಲಿಲ್ಲದ ಕಥೆ ಹೇಳಿ ಎಂದು ದೊಡ್ಡ ಕ್ಲಾಸಿನವರು ಗಂಟುಬಿದ್ದರು. ಗುರುವಾರ ನಾನು ಬೈಜಾಂಟಿಯಂ ಸಾಮ್ರಾಜ್ಯದ ಒಬ್ಬ ಚಕ್ರವರ್ತಿ ಹೆಣ್ಣು ನೋಡಿದ ಕಥೆ ಹೇಳಿದೆ. ಸಾವಿರದ ಇನ್ನೂರು ವರ್ಷದ ಹಿಂದಿನ ಮಾತು. ಅವನ ಮಲತಾಯಿ ರಾಜ್ಯದ ಚೆಲುವೆಯರನ್ನೆಲ್ಲ ಅರಮನೆಗೆ ಕರೆಸಿ ಸಾಲಾಗಿ ನಿಲ್ಲಿಸಿ, ಮಗನ ಕೈಗೆ ಒಂದು ಚಿನ್ನದ ಸೇಬು ಕೊಟ್ಟಳಂತೆ. ಯಾರಿಗೆ ಸೇಬು ಸಿಗುತ್ತದೋ ಅವಳೇ ರಾಣಿ. ಅವನಿಗೆ ಒಬ್ಬಳು ತುಂಬ ಹಿಡಿಸಿದಳು. ಹತ್ತಿರ ಹೋಗಿ, ಲೋಕದ ಕೆಡುಕೆಲ್ಲ ಹೆಣ್ಣಿನಿಂದಲೇ ಬಂತಲ್ಲವೇ ಎಂದು ಚುಚ್ಚಿದ. ಒಳ್ಳೆಯದೂ ಹೆಣ್ಣಿನಿಂದಲೇ ಬಂತು ಎಂದಳು ಅವಳು. ಮಹಾರಾಜನಿಗೆ ಮುಖಭಂಗವಾಯಿತು. ಸೇಬನ್ನು ಪಕ್ಕದ ಮೌನಗೌರಿಯ ಕೈಗಿಟ್ಟು ಮುಂದೆ ನಡೆದ.

ಉತ್ತರ ಕೊಟ್ಟವಳು ಸನ್ಯಾಸಿನಿಯಾಗಿ ಹಾಡು ಕಟ್ಟಿದಳು, ಅವು ಇಂದಿಗೂ ಚರ್ಚುಗಳಲ್ಲಿ ಕೇಳಿಸುತ್ತವೆ. ಸೇಬು ಸಿಕ್ಕ ಮೌನಗೌರಿಯೋ, ದೇವರ ಚಿತ್ರಗಳನ್ನು ಪೂಜಿಸಬಾರದೆಂದು ಹಟ ಹಿಡಿದಿದ್ದ ಗಂಡ ಕಣ್ಣುಮುಚ್ಚುವ ತನಕ ಕಾದು, ಆಮೇಲೆ ಆ ಚಿತ್ರಗಳನ್ನೆಲ್ಲ ಮತ್ತೆ ಗೋಡೆಗೇರಿಸಿದಳು. ಆಚೆಯವಳಿಗೆ ಸೇಬು ಕೊಟ್ಟಿದ್ದರೆ ಇತಿಹಾಸ ಏನಾಗುತ್ತಿತ್ತು? ಬುಧವಾರದೊಳಗೆ ಎರಡು ಪುಟ ಬರೆದುಕೊಂಡು ಬನ್ನಿ ಎಂದೆ. ರಜೆಯ ಮುಂಚೆ ಬರೆಯುವ ಕೆಲಸವೇ ಎಂದು ಎಲ್ಲರೂ ನರಳಿದರು.

ಭಾನುವಾರ ನಾವೇ ಹೆಣ್ಣು ನೋಡಲು ಹೊರಟೆವು. ನನ್ನ ಮಗನಿಗೆ ಮೂವತ್ತೊಂದು. ಇಲ್ಲೇ ಬೆಳೆದವನು, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವವನು. ಹುಡುಗಿ ಬೆಂಗಳೂರಿನವಳು, ಔಷಧದ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ. ಅಪ್ಪ ಅಮ್ಮನ ಜೊತೆ ನಮ್ಮೂರಿನದೇ ಪಂಗಾನಿಯಲ್ಲಿ ಬಾಡಿಗೆ ಮನೆ. ಇಬ್ಬರೂ ಒಂದು ತಿಂಗಳಿಂದ ಫೋನಿನಲ್ಲಿ ಮಾತಾಡಿಕೊಂಡಿದ್ದರು. "ಐ ರಿಯಲಿ ಲೈಕ್ ಹರ್, ಅಮ್ಮ. ಪ್ಲೀಸ್, ಇದು ಕೆಡಬಾರದು" ಎಂದು ಶನಿವಾರ ಅಡುಗೆಮನೆಗೆ ಬಂದು ಹೇಳಿದ್ದ. ಅವನು ನನ್ನ ಹತ್ತಿರ ಹಾಗೆ ಬೇಡಿಕೊಂಡದ್ದು ಅದೇ ಮೊದಲು.

ಕೆಡಬಹುದು ಎಂಬ ಹೆದರಿಕೆಗೆ ಕಾರಣ ನನ್ನ ಗಂಡನ ಅಕ್ಕ. ಮೈಸೂರಿನಿಂದ ಎರಡು ತಿಂಗಳಿಗೆಂದು ಬಂದಿದ್ದರು. ಚಿಕ್ಕಂದಿನಲ್ಲೇ ತಾಯಿ ಹೋದ ಮೇಲೆ ತಮ್ಮಂದಿರನ್ನು ಸಾಕಿದವರು ಅವರೇ. ಮೂವತ್ಮೂರು ವರ್ಷದ ಸಂಸಾರದಲ್ಲಿ ನಾನು ಅವರಿಗೆ ಎದುರಾಡಿದ್ದಿಲ್ಲ. ನನ್ನವರಂತೂ ಅಕ್ಕ ಸೀನಿದರೂ "ಹೌದಕ್ಕ" ಅನ್ನುತ್ತಾರೆ.

ಪಂಗಾನಿಯ ಮನೆಯಲ್ಲಿ ಎಲ್ಲವೂ ಶಾಸ್ತ್ರದಂತೆಯೇ ನಡೆಯಿತು. ಉಪ್ಪಿಟ್ಟು, ಕೇಸರಿಬಾತು ಬಂತು, ಕೆಳಗೆ ರಸ್ತೆಯಲ್ಲಿ ಮಟಾಟು ವ್ಯಾನುಗಳು ಜನರನ್ನು ಕರೆಯುವ ಹಾರ್ನಿನ ನಡುವೆ ಹುಡುಗಿಯೂ ಬಂದು ಕೂತಳು. ನನ್ನವರು ಹುಡುಗಿಯ ಅಪ್ಪನಿಗೆ ತಮ್ಮ ಅಕ್ಕ ಹೇಗೆ ಇಡೀ ಮನೆಯನ್ನು ಕೈಯಲ್ಲಿ ಹಿಡಿದು ನಡೆಸಿದರು ಎಂದು ವಿವರಿಸುತ್ತಿದ್ದರು. ಅಷ್ಟರಲ್ಲಿ ಅಕ್ಕ ಹುಡುಗಿಯ ಕಡೆ ತಿರುಗಿ ಶುರು ಮಾಡಿದರು.

"ನೋಡಮ್ಮ, ಗಂಡಸರು ಯಾವತ್ತೂ ಜಗಳ ಆಡಲ್ಲ. ಮನೆ ಒಡೆಯೋದು ಬಂದ ಹೆಣ್ಣಿಂದಲೇ. ನಾನು ಬೇಕಾದಷ್ಟು ನೋಡಿದೀನಿ."

ಹುಡುಗಿ ನಕ್ಕಳು. "ಮನೆ ಒಂದಾಗಿರೋದೂ ಹೆಣ್ಣಿಂದಲೇ ಅಲ್ವಾ, ಆಂಟಿ? ನಿಮ್ಮಿಂದಾನೇ ಅಂತ ಅಂಕಲ್ ಈಗಷ್ಟೇ ಹೇಳ್ತಿದ್ರಲ್ಲ."

ಅಯ್ಯೋ ದೇವರೇ! ನಾನು ಕಥೆ ಕಟ್ಟುತ್ತಿದ್ದೇನೆ ಅಂದುಕೊಳ್ಳಬೇಡಿ. ಅಕ್ಕ ಆಡಿದ ಮಾತು ನಮ್ಮಲ್ಲಿ ಪ್ರತಿ ಮದುವೆಮನೆಯಲ್ಲೂ ಯಾರಾದರೊಬ್ಬರು ಆಡುವಂಥದ್ದೇ. ಆದರೆ ಮೂರು ದಿನದ ಹಿಂದೆ ಇದೇ ಪ್ರಶ್ನೆ, ಇದೇ ಉತ್ತರವನ್ನು ಬೋರ್ಡಿನ ಮುಂದೆ ಕೈ ಬೀಸಿ ಬೀಸಿ ಹೇಳಿದವಳು ನಾನು. ಚಕ್ರವರ್ತಿಯನ್ನು ಪುಕ್ಕಲ ಎಂದು ಬೈದಿದ್ದೆ. ಹುಡುಗಿ ಆಡಿದ್ದು ಎದುರುಮಾತೂ ಅಲ್ಲ, ಹೊಗಳಿಕೆ. ಅಕ್ಕನ ಮುಖ ಮಾತ್ರ ಬಿಗಿಯಿತು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ. ನಾನೂ ಎತ್ತಲಿಲ್ಲ.

ಐದು ನಿಮಿಷದಲ್ಲಿ ಅಕ್ಕ ಎದ್ದರು. "ಊರಿಗೆ ಹೋಗಿ ತಿಳಿಸ್ತೀವಿ" ಅಂದರು. ಗಂಡಿನ ಕಡೆಯವರು ಬಸ್ಸು ಹತ್ತಿ ಹೋಗಿ ಕಾಗದ ಬರೆಯುತ್ತಿದ್ದ ಕಾಲದ ಮಾತು ಅದು. ನಮ್ಮ ಮನೆ ಇರುವುದು ಇದೇ ಊರಿನ ಕಿಲೆಲೆಶ್ವಾದಲ್ಲಿ, ಭಾನುವಾರದ ಖಾಲಿ ರಸ್ತೆಯಲ್ಲಿ ಇಪ್ಪತ್ತು ನಿಮಿಷದ ದಾರಿ. ಆದರೂ ಹುಡುಗಿಯ ಅಪ್ಪ ಕೈಮುಗಿದು, "ಆಗಲಿ, ನಿಧಾನವಾಗಿ ತಿಳಿಸಿ" ಅಂದರು.

ಕಾರಿನಲ್ಲಿ ಅಕ್ಕ ತೀರ್ಪು ಕೊಟ್ಟರು. "ಬಾಯಿ ಜೋರು. ಬೇಡ."

"ಹೌದಕ್ಕ" ಎಂದರು ನನ್ನವರು.

ಗಾಡಿ ಓಡಿಸುತ್ತಿದ್ದ ಮಗ ಕನ್ನಡಿಯಲ್ಲಿ ನನ್ನನ್ನು ನೋಡಿದ. "ಅಮ್ಮ? ವಾಟ್ ಡು ಯೂ ಥಿಂಕ್?"

"ನೋಡೋಣ ಕಣೋ, ಅವಸರ ಏನು" ಅಂದೆ. ಅಬ್ಬಾ, ಎಂಥ ಜಾಣ ಉತ್ತರ! ಒಳಗೊಳಗೇ ನನಗೆ ಆ ಹುಡುಗಿ ಎಷ್ಟು ಹಿಡಿಸಿದ್ದಳೆಂದರೆ, ಅವಳನ್ನು ಅಲ್ಲೇ ತಬ್ಬಿಕೊಳ್ಳಬೇಕು ಅನ್ನಿಸಿತ್ತು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಸುಮ್ಮನೆ ಹೇಳಿಲ್ಲ ಹಿರಿಯರು.

ಸೋಮವಾರ ಹೋಯಿತು, ಮಂಗಳವಾರ ಹೋಯಿತು. ಅಕ್ಕ ಅವರೆಕಾಳು ಎಲ್ಲಿ ಸಿಗುತ್ತದೆ ಎಂದು ವಿಚಾರಿಸುತ್ತಿದ್ದರು. ಹುಡುಗಿಯ ಮನೆಗೆ ಯಾರೂ ಏನೂ ತಿಳಿಸಲಿಲ್ಲ. ನಮ್ಮಲ್ಲಿ ಬೇಡ ಎಂದು ಬಾಯಿಬಿಟ್ಟು ಹೇಳುವ ಪದ್ಧತಿಯಿಲ್ಲ, ತಿಳಿಸದೆ ಇದ್ದರೆ ಅವರೇ ಅರ್ಥ ಮಾಡಿಕೊಳ್ಳಬೇಕು. ಮಗ ಬೆಳಿಗ್ಗೆ ಎದ್ದು ಆಫೀಸಿಗೆ ಹೋಗುತ್ತಿದ್ದ, ಬಂದು ಊಟ ಮಾಡುತ್ತಿದ್ದ. ಮತ್ತೆ ನನ್ನನ್ನು ಏನೂ ಕೇಳಲಿಲ್ಲ.

ಬುಧವಾರ ಮಕ್ಕಳು ಬರೆದದ್ದನ್ನು ಸ್ಟಾಫ್ ರೂಮಿನಲ್ಲಿ ಓದಿದೆ. ಒಬ್ಬ ಯುದ್ಧಗಳನ್ನೇ ನಿಲ್ಲಿಸಿಬಿಟ್ಟಿದ್ದ. ಇನ್ನೊಬ್ಬಳು ಕಾನ್‌ಸ್ಟಾಂಟಿನೋಪಲ್ ಇಂದಿಗೂ ರಾಜಧಾನಿಯಾಗಿರುತ್ತಿತ್ತು ಎಂದಿದ್ದಳು. ಹಿಂದಿನ ಬೆಂಚಿನಲ್ಲಿ ಕೂರುವ, ವರ್ಷವಿಡೀ ಕೈ ಎತ್ತದ ಹುಡುಗಿಯೊಬ್ಬಳು ಅರ್ಧ ಪುಟ ಮಾತ್ರ ಬರೆದಿದ್ದಳು. ಏನೂ ಬದಲಾಗುತ್ತಿರಲಿಲ್ಲ, ಅರಮನೆಯವರು ಆರು ತಿಂಗಳಲ್ಲಿ ಅವಳ ಬಾಯಿ ಮುಚ್ಚಿಸುತ್ತಿದ್ದರು ಎಂದು ಶುರು ಮಾಡಿ, ಕೊನೆಗೆ ಹೀಗೆಂದಿದ್ದಳು: ಚಕ್ರವರ್ತಿಯ ಮಾತು ಬಿಡಿ, ಅಲ್ಲಿ ಅವನ ಮಲತಾಯಿ ನಿಂತಿದ್ದಳು. ಆ ಉತ್ತರಕ್ಕೆ ಆ ತಾಯಿ ಒಮ್ಮೆ ಜೋರಾಗಿ ನಕ್ಕಿದ್ದರೆ, ಅವನೂ ನಗುತ್ತಿದ್ದ.

ನಾನು ಅದಕ್ಕೆ ಅಂಕ ಹಾಕಲಿಲ್ಲ. ಕಣ್ಣು ತುಂಬಿಬಂದಿತ್ತು, ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಹದಿನಾರರ ಹುಡುಗಿ ನನ್ನ ಮನೆಯೊಳಗೆ ಬಂದು ನೋಡಿದಂತೆ ಬರೆದಿದ್ದಳು.

ಮನೆಗೆ ಬಂದವಳು ಚಪ್ಪಲಿಯನ್ನೂ ಕಳಚದೆ, ಅಕ್ಕ ಸೋಫಾದಲ್ಲಿ ಕೂತಿರುವಂತೆಯೇ ಹುಡುಗಿಯ ತಾಯಿಗೆ ಫೋನ್ ಮಾಡಿದೆ. "ನಮಗೆ ಹುಡುಗಿ ಒಪ್ಪಿಗೆ" ಎಂದೆ. ಅಕ್ಕ ಬಾಯಿ ತೆರೆದರು. ನಾನು ಕೈ ಎತ್ತಿ ತಡೆದೆ. ಮೂವತ್ಮೂರು ವರ್ಷದಲ್ಲಿ ಮೊದಲ ಸಲ.

ಆ ಕಡೆ ತಾಯಿ ತಡವರಿಸಿದರು. "ಒಂದ್ನಿಮಿಷ... ಅವಳೇ ಮಾತಾಡ್ತಾಳಂತೆ."

"ಆಂಟಿ, ನಮಸ್ತೆ" ಎಂದಳು ಹುಡುಗಿ. ದನಿಯಲ್ಲಿ ಕೋಪವಿರಲಿಲ್ಲ. "ನಿಮ್ಮ ಮಗ ತುಂಬ ಒಳ್ಳೆಯವ್ರು. ಆದ್ರೆ ಬೇಡ, ಆಂಟಿ."

"ಯಾಕಮ್ಮ? ಅವರು ಅಂದಿದ್ದನ್ನ ಮನಸ್ಸಿಗೆ ಹಚ್ಕೋಬೇಡ. ಹಳೇ ಕಾಲದವ್ರು."

"ಅಯ್ಯೋ, ಅವರ ಮೇಲೆ ನಂಗೇನೂ ಬೇಜಾರಿಲ್ಲ. ಅವರು ಮನಸ್ಸಲ್ಲಿದ್ದಿದ್ದು ಹೇಳಿದ್ರು, ನಾನೂ ಹೇಳಿದೆ." "ಆಗ ನಾನು ನಿಮ್ಮ ಮಗನ ಮುಖ ನೋಡಿದೆ, ಆಂಟಿ. ಅವರು ನಿಮ್ಮ ಮುಖ ನೋಡ್ತಿದ್ರು. ನೀವು ತಟ್ಟೆ ನೋಡ್ತಿದ್ರಿ."

ಅವಳು ಅಷ್ಟೇ ಮೆಲ್ಲಗೆ ಫೋನ್ ಇಟ್ಟಳು.

ಸಂಜೆ ಮಗ ಬಂದಾಗ ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ತಪ್ಪು ನನ್ನದು ಎಂದೆ. ಅವನು ಶೂ ಬಿಚ್ಚುತ್ತಾ ಕೇಳಿಸಿಕೊಂಡ.

"ಐ ನೋ, ಅಮ್ಮ. ಸಂಡೇನೇ ಹೇಳಿದ್ಲು."

"ಭಾನುವಾರವೇ ಗೊತ್ತಿತ್ತಾ? ಮತ್ತೆ ನಂಗೆ ಯಾಕೋ ಹೇಳಲಿಲ್ಲ? ಒಂದು ಮಾತು ಬೈಬಾರದಿತ್ತಾ?"

ಅವನು ಶೂಗಳನ್ನು ಬದಿಗಿಟ್ಟ. ಆಮೇಲೆ ಇಂಗ್ಲಿಷ್ ಬಿಟ್ಟು ಹೇಳಿದ: "ನಾನೂ ಅಲ್ಲೇ ಹೇಳ್ಬೇಕಿತ್ತು, ಅಮ್ಮ. ನಾನೂ ಸುಮ್ನಿದ್ದೆ."

ಸುಮ್ಮನಿರುವುದನ್ನು ಯಾರಿಂದ ಕಲಿತೆ ಎಂದು ನಾನು ಕೇಳಲಿಲ್ಲ.