ಕತ್ತಿಯಿಲ್ಲದ ಗೂಟ

ದುರಗಮ್ಮನಿಗೆ ಅಕ್ಷರ ಕಲಿಸಿದ ಮಾಸ್ತರು ಯಾರೂ ಇಲ್ಲ. ಇರಕಲ್ಲಗಡದ ಆಚೆಯ ಆ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಮನೆಗೂ ಒಂದನೇ ತರಗತಿಗೂ ನಡುವೆ ಒಂದೇ ಕಿಟಕಿ. ಹದಿನಾರು ವರ್ಷ ಬೇಳೆ ತೊಳೆಯುತ್ತ, ಕಿಟಕಿಯಿಂದ ಕರಿಹಲಗೆ ನೋಡುತ್ತ, ಮಕ್ಕಳು ಕೂಗಿದ್ದನ್ನು ಬಾಯೊಳಗೇ ಅಂದುಕೊಳ್ಳುತ್ತ ಕಲಿತಳು. ಯಾರಿಗೂ ಹೇಳಲಿಲ್ಲ. ಓದು ಬರುತ್ತದೆಯೇ ಎಂದು ಅಡುಗೆಯವಳನ್ನು ಕೇಳುವವರಾದರೂ ಯಾರು?

ಅವತ್ತು ಹನ್ನೊಂದಕ್ಕೆ ಕೊಪ್ಪಳದಿಂದ ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಹೆಡ್‌ಮಾಸ್ತರ ಅಂದಪ್ಪ ಅಂಗಳದ ಗೋಡೆಗೆ ಊರಿನ ಇತಿಹಾಸ ಬರೆಸಿದ್ದರು. ಸ್ವಂತದ್ದೇನಲ್ಲ, ಬ್ರಿಟಿಷರ ಕಾಲದ ಯಾವುದೋ ಪುಸ್ತಕವನ್ನು ಕಣ್ಣುಮುಚ್ಚಿ ಕನ್ನಡಕ್ಕಿಳಿಸಿದ್ದು. ಪೇಂಟರ್ ಆಗಷ್ಟೇ ಹೋಗಿದ್ದ; ಕೆಂಪು ಅಕ್ಷರಗಳಿನ್ನೂ ಹಸಿಯಾಗಿದ್ದವು. ನೀರಿನ ಕೊಡ ಹೊತ್ತು ಬಂದ ದುರಗಮ್ಮ ನಿಂತು ಒಂದೊಂದೇ ಅಕ್ಷರ ಕೂಡಿಸಿದಳು. ‘ಗುಡ್ಡದಲ್ಲಿ ಅಡಗಿದ್ದ ಬೇಡ ಕಳ್ಳರನ್ನು ದಂಡು ಸದೆಬಡಿಯಿತು.’

ಇನ್ನೊಮ್ಮೆ ಓದಿದಳು. ಆ ಗುಡ್ಡದಲ್ಲಿ ಸತ್ತ ಬೇಡರಲ್ಲಿ ದುರಗಮ್ಮನ ಮನೆಯ ಹಿರಿಯನೂ ಒಬ್ಬ. ಅವನ ಕತ್ತಿ ತೂಗುತ್ತಿದ್ದ ಗೂಟ ಈಗಲೂ ಪಡಸಾಲೆಯಲ್ಲಿದೆ. ಮಹಾನವಮಿಗೆ ಊರೆಲ್ಲ ಆಯುಧ ಪೂಜಿಸಿದರೆ, ಇವರು ಬರಿಯ ಗೂಟಕ್ಕೆ ಭಂಡಾರದ ಅರಿಷಿಣ ಹಚ್ಚಿ ಎಡೆ ಹಿಡಿಯುತ್ತಾರೆ.

“ಸರ್ರ, ಇದನ್ನ ಅಳಸ್ರಿ,” ಎಂದಳು.

ಗೋಡೆಯ ಬಳಿಯೇ ನಿಂತಿದ್ದ ಅಂದಪ್ಪ ಬೆಚ್ಚಿಬಿದ್ದರು. “ನಿನಗ ಓದಾಕ ಬರ್ತೈತೇನು?”

“ಬರ್ತೈತ್ರಿ. ನಮ್ಮ ಹಿರ್ಯಾರು ಕಳ್ಳರಲ್ರಿ.”

“ಪುಸ್ತಕದಾಗ ಹಂಗ ಐತಿ, ದುರಗಮ್ಮ. ಸಾಹೇಬ್ರು ಬರೂ ಹೊತ್ತಾತು, ಒಲಿ ಕಡೆ ನಡಿ.”

“ಬರದಾವ ನಮ್ಮ ಮನಿಗೆ ಬಂದು ಕೇಳಿ ಬರದಾನೇನ್ರಿ? ಬ್ರಿಟಿಷರ ದಂಡು ಬಂದಿದ್ದು ನಮ್ಮೋರ ಕತ್ತಿ ಕಸ್ಗೊಂಡು ಒಯ್ಯಾಕ.”

“ಗೋಡಿ ಮುಟ್ಟಿದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ ನೋಡು!”

ಗೇಟಿನ ಹತ್ತಿರ ಕಾರು ನಿಂತ ಸದ್ದಾಯಿತು. ದುರಗಮ್ಮ ಗೇಟಿನ ಕಡೆ ನೋಡಿದಳು. ಗಂಡನಿಲ್ಲದ ಮನೆಗೆ ಈ ಕೆಲಸವೊಂದೇ ಆಸರೆ. ಆದರೆ ಬಣ್ಣ ಒಮ್ಮೆ ಆರಿತೆಂದರೆ ಮುಗಿಯಿತು. ನಾಳೆ ಮೊಮ್ಮಕ್ಕಳೂ ಅದನ್ನೇ ಕೂಗಿ ಓದುತ್ತವೆ. ಕೊಡ ಕೆಳಗಿಟ್ಟು, ಸೆರಗನ್ನು ಕೈಗೆ ಸುತ್ತಿಕೊಂಡು, ‘ಕಳ್ಳರನ್ನು’ ಎಂಬುದನ್ನು ಗಸಗಸ ತಿಕ್ಕಿಬಿಟ್ಟಳು.

ಸಾಹೇಬರು ಗೋಡೆಯ ಮುಂದೆ ನಿಂತು ಓದುತ್ತ ಓದುತ್ತ ಆ ಕೆಂಪು ಕಲೆಯ ಹತ್ತಿರ ಬಂದರು. “ಇಲ್ಲೇನಿತ್ರಿ?”

ಅಂದಪ್ಪ ದುರಗಮ್ಮನ ಕಡೆ ತಿರುಗಿದರು. ಬಣ್ಣ ಹತ್ತಿದ ಸೆರಗನ್ನು ಅವಳು ಬಚ್ಚಿಟ್ಟಿರಲಿಲ್ಲ. ಕೆಲಸ ಹೋದರೂ ಸರಿಯೆಂದು ನಿಂತವಳ ಪ್ರಶ್ನೆಗೆ ಪುಸ್ತಕದಲ್ಲಿ ಉತ್ತರವಿಲ್ಲವೆಂದು ಅಂದಪ್ಪನವರಿಗೆ ಹೊಳೆಯಿತು.

“ತಪ್ಪು ಬರಿಸಿದ್ದೆ ಸರ್,” ಎಂದರು ತಗ್ಗಿದ ದನಿಯಲ್ಲಿ. “ಏನು ಬರಿಬೇಕಂತ ಈಕಿ ಮನಿಗೆ ಹೋಗಿ ಕೇಳಿ ಬರಬೇಕ್ರಿ.”