ರೆಕ್ಕೆಯ ಹೊಲಿಗೆ

ನವಿ ಮುಂಬಯಿಯ ಲೋಹ ಪರೀಕ್ಷೆಯ ಪ್ರಯೋಗಾಲಯವೊಂದರಲ್ಲಿ ನಾನು ಹಲವು ವರ್ಷ ದುಡಿದೆ. ಮುರಿದ ಕಬ್ಬಿಣ ಯಾಕೆ ಮುರಿಯಿತೆಂದು ಹೇಳುವುದು ನನ್ನ ಕೆಲಸ. ಡೊಂಬಿವಲಿಯಿಂದ ಹೋಗಿ ಬರುತ್ತಿದ್ದೆ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಿಸುವ ನೂಕುನುಗ್ಗಲಿಗೆ ದಿನವೂ ಬೈದುಕೊಂಡರೂ, ಮೇಜಿನ ಮುಂದೆ ಕೂತರೆ ನನ್ನ ಕಣ್ಣಿನ ಮೇಲೆ ನನಗೆ ಪೂರ್ತಿ ಭರವಸೆ.

ಒಂದು ಸಲ ಮಳೆಗಾಲ ಮುಗಿದ ಮೇಲೆ ಪುಟ್ಟ ವಿಮಾನವೊಂದರ ತುಂಡುಗಳು ಬಂದವು. ಕಲ್ಯಾಣದ ಗ್ಯಾರೇಜಿನವರೊಬ್ಬರು ತಮ್ಮ ಕೈಯಾರೆ ಕಟ್ಟಿದ, ಒಬ್ಬರೇ ಕೂರುವಂಥ ವಿಮಾನ. ಟಿಟ್ವಾಳಾದಾಚೆಯ ಬಯಲಿನ ಮೇಲೆ ಹಾರುತ್ತಿದ್ದಾಗ ಎಡರೆಕ್ಕೆ ಮಡಚಿಕೊಂಡು ಬಿದ್ದಿತ್ತು. ಅವರು ಅಲ್ಲೇ ತೀರಿಕೊಂಡಿದ್ದರು. ಕಸರತ್ತು ತೋರಿಸಲು ಹೋಗಿ ಸತ್ತರು ಎಂದು ಜನ ಆಡಿಕೊಳ್ಳುತ್ತಿದ್ದರು. ತುಂಡುಗಳನ್ನು ಕಳಿಸಿದ ತನಿಖಾಧಿಕಾರಿಗೆ ಮಾತು ಬೇಕಿರಲಿಲ್ಲ, ಕಾರಣ ಬೇಕಿತ್ತು.

ಕಾರಣ ಬೇಗನೇ ಸಿಕ್ಕಿತು. ರೆಕ್ಕೆಗೆ ಆಸರೆಯಾದ ಕೊಳವೆಯನ್ನು ವಿಮಾನದ ಒಡಲಿಗೆ ಹಿಡಿದಿಡುವ ಬೋಲ್ಟ್ ತುಂಡಾಗಿತ್ತು. ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ, ಅಲೆ ಹಿಂದೆ ಸರಿದ ಮೇಲೆ ಮರಳಿನಲ್ಲಿ ಉಳಿಯುವಂಥ ಗೆರೆಗಳು. ಬಿರುಕು ಪ್ರತಿ ಹಾರಾಟಕ್ಕೂ ಇಷ್ಟಿಷ್ಟೇ ಬೆಳೆದು ಕಡೆಗೆ ಬೋಲ್ಟ್ ಕಡಿದುಹೋಗಿತ್ತು.

ಬಿಡಿಭಾಗಗಳನ್ನು ಗುರುತಿಸಲು ಅಧಿಕಾರಿ ತೀರಿಕೊಂಡವರ ಹೆಂಡತಿಯನ್ನು ಕರೆತಂದರು. ಬೋಲ್ಟ್ ಮಾರ್ಕೆಟ್ಟಿನ ಹಾರ್ಡ್‌ವೇರ್ ಅಂಗಡಿಯದೆಂದು ಆಕೆ ಹಿಂದಿಯಲ್ಲಿ ಹೇಳಿದರು. ಆದರೆ ಕಣ್ಣೆಲ್ಲ ಮೂಲೆಯಲ್ಲಿ ಇಟ್ಟಿದ್ದ ಮುರಿದ ರೆಕ್ಕೆಯ ಮೇಲೆ. ನನ್ನ ಹಿಂದಿ ಕೇಳಿಯೇ ಊರಿನ ಗುರುತು ಸಿಕ್ಕಿತೇನೋ, "ಕನ್ನಡದವರೇನ್ರಿ?" ಎಂದರು. ವಿಜಯಪುರದ ಕಡೆಯ ಮಾತು. ಹೌದೆಂದೆ.

"ರೆಕ್ಕಿ ಬಟ್ಟಿ ನಾನ ಹೊಲಿದಿದ್ದೆ ರೀ. ಖರೇ ಹೇಳ್ರಿ, ನನ್ನ ಹೊಲಿಗಿ ಬಿಚ್ಚಿ ಹಿಂಗಾತೇನು?"

ಇಷ್ಟು ದಿನ ಈಕೆ ಇದನ್ನು ಯಾರ ಬಳಿಯೂ ಕೇಳಿರಲಿಲ್ಲ ಎಂದು ಆ ದನಿಯಲ್ಲೇ ತಿಳಿಯಿತು. ಕೈಹಿಡಿದು ರೆಕ್ಕೆಯ ಹತ್ತಿರ ಕರೆದುಕೊಂಡು ಹೋದೆ.

"ಇಲ್ಲಿ ನೋಡಿ ಅಕ್ಕಾ. ಬಟ್ಟೆ ಹರಿದದ್ದು ನಡುವಲ್ಲಿ, ಅದೂ ರೆಕ್ಕೆ ಮಡಚಿದ ಮೇಲೆ. ಹೊಲಿಗೆ ಒಂದೂ ಬಿಟ್ಟಿಲ್ಲ, ಹಾಗೇ ಉಂಟು. ಹೋದದ್ದು ಬೋಲ್ಟ್."

ಆಕೆ ಹೊಲಿಗೆಯ ಮೇಲೆ ಬೆರಳಾಡಿಸಿದರು. "ಅಂದ್ರ ತಪ್ಪು ಅವರದಾ?"

"ಆ ಜಾಗಕ್ಕೆ ಆ ಬೋಲ್ಟ್ ಸಾಲದು. ಆರಿಸಿದ್ದು ಅವರೇ. ಆದರೆ ಕಸರತ್ತು ಅಂತ ಹೇಳುವವರ ಮಾತು ಕೇಳಬೇಡಿ. ಸುಮ್ಮನೆ ನೇರ ಹೋಗ್ತಿದ್ದರೂ ಅದು ತುಂಡಾಗ್ತಿತ್ತು."

ಆಕೆ ಸ್ಟೂಲಿನ ಮೇಲೆ ಕುಸಿದು ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅಧಿಕಾರಿ ಕಿಟಕಿಯತ್ತ ತಿರುಗಿದರು. ನಾನು ನೀರು ತಂದುಕೊಟ್ಟೆ. ಕುಡಿದವರು ಥಟ್ಟನೆ ಎದ್ದು ನಿಂತರು.

"ಅವರ ದೋಸ್ತರೊಬ್ಬರು ಇಂಥಾದ್ದ ಒಂದು ಕಟ್ಟಿ ಹಾರಸ್ತಾರ್ರಿ. ಬೋಲ್ಟ್ ಇಬ್ಬರೂ ಕೂಡೇ ತಂದಿದ್ರು."

ಅಲ್ಲೇ ಮೊಬೈಲ್ ತೆಗೆದು ಆ ಗೆಳೆಯರಿಗೆ, ಹಾರಬೇಡಿ, ಮೊದಲು ಬೋಲ್ಟ್ ಬಿಚ್ಚಿ ಎಂದು ಹಿಂದಿಯಲ್ಲಿ ಹೇಳಿದರು. ಆ ಕಡೆಯಿಂದ ಏನೋ ವಾದ. ಫೋನನ್ನು ನನ್ನ ಕೈಗಿಟ್ಟು, "ನೀವ ಹೇಳ್ರಿ" ಎಂದರು. ಹೇಳಿದೆ, ವಾದಕ್ಕೆ ಜಾಗವಿಲ್ಲದ ಹಾಗೆ.

ಮರುವಾರ ಆ ಗೆಳೆಯರ ವಿಮಾನದ ಬೋಲ್ಟುಗಳೂ ನನ್ನ ಮೇಜಿಗೆ ಬಂದವು. ಒಂದರಲ್ಲಿ ಬಿರುಕು ಆಗಲೇ ಶುರುವಾಗಿತ್ತು.